ಕೆಮ್ಮಣ್ಣು ಬಳಿದ ಕುರಿಗಳು

"ಓದಿದ್ದು ನನ್ನ ತಲೆಯಲ್ಲಿ ಯಾಕೆ ನಿಲ್ಲುವುದಿಲ್ಲ, ಬುದ್ಧಿ?"

ಗುರುಮಲ್ಲ ಹೀಗೆ ಕೇಳಿದಾಗ ಮಠದ ಸ್ವಾಮಿಗಳು ದಾಸೋಹದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಗುರುಮಲ್ಲ ಮಠದ ಹಾಸ್ಟೆಲಿನಲ್ಲಿದ್ದುಕೊಂಡು ಪಟ್ಟಣದ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದ್ದ ಹುಡುಗ. ಮೊದಲ ವರ್ಷ. ಅಂಗರಚನಾಶಾಸ್ತ್ರ ಅವನ ಜೀವ ಹಿಂಡುತ್ತಿತ್ತು. ಮೂಳೆಗೊಂದು ಹೆಸರು, ಮೂಳೆಯ ಮೇಲಿನ ಗುಬುಟಿಗೊಂದು ಹೆಸರು, ಗುಬುಟಿನ ಪಕ್ಕದ ತೂತಿಗೊಂದು ಹೆಸರು, ಆ ತೂತಿನಲ್ಲಿ ಹಾದುಹೋಗುವ ನರಕ್ಕೆ ಇನ್ನೊಂದು ಹೆಸರು. ಒಂದು ಸಲ ಪರೀಕ್ಷೆಯಲ್ಲಿ ಬಿದ್ದಿದ್ದ. ಮರುಪರೀಕ್ಷೆ ಹತ್ತಿರ ಬಂದಿತ್ತು. ನಿಜ ಹೇಳಬೇಕೆಂದರೆ, ಮತ್ತೆ ಬಿದ್ದು ನಗೆಪಾಟಲಾಗುವ ಮೊದಲೇ ಕಾಲೇಜು ಬಿಟ್ಟುಬಿಡುವುದು ಮರ್ಯಾದೆ ಎಂದು ತೋಚಿ, ಅಪ್ಪಣೆ ಕೇಳಲೆಂದೇ ಬಂದಿದ್ದ. ಕಂಕುಳಲ್ಲಿ ಪುಸ್ತಕವಿತ್ತು.

"ಓದುವುದು ಹೇಗೆ ಓದುತ್ತೀಯ?" ಎಂದರು ಸ್ವಾಮಿಗಳು.

"ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ ಬುದ್ಧಿ. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಓದುವಾಗ ಇದೂ ಗೊತ್ತು, ಇದೂ ಗೊತ್ತು ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಒಂದೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಓದು. ನನ್ನ ತಲೆಯೇ ತೂತು. ಇದು ನನ್ನಂಥವನಿಗಲ್ಲ."

ಸ್ವಾಮಿಗಳು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಯಾವ ಪುಟ ತೆರೆದರೂ ಸಾಲು ಸಾಲಿಗೂ ಹಳದಿ ಬಣ್ಣದ ಪೆನ್ನಿನ ಗೆರೆ.

"ಏನೋ ಇದು, ಪುಸ್ತಕಕ್ಕೆ ಅರಿಶಿನ ಹಚ್ಚಿ ಹಸೆಗೆ ಕೂರಿಸಿದ್ದೀಯಲ್ಲ."

"ಮುಖ್ಯವಾದದ್ದಕ್ಕೆ ಬಣ್ಣ ಹಾಕಿದೆ ಬುದ್ಧಿ."

"ಸರಿ. ಮುಖ್ಯವಲ್ಲದ್ದು ಎಲ್ಲಿದೆ ತೋರಿಸು."

ಗುರುಮಲ್ಲ ಪುಟ ತಿರುವಿದ. ಇನ್ನೊಂದು ತಿರುವಿದ. ತೋರಿಸಲು ಏನೂ ಸಿಗಲಿಲ್ಲ. ಅವನ ಮುಖ ಸಣ್ಣದಾಯಿತು.

ಸ್ವಾಮಿಗಳು ಪುಸ್ತಕ ಮುಚ್ಚಿ ತಮ್ಮ ಮಂಡಿಯ ಕೆಳಗೆ ಸೇರಿಸಿಕೊಂಡರು. ಅವರೆಕಾಯಿಯ ರಾಶಿಯಲ್ಲಿ ಅರ್ಧವನ್ನು ಅವನ ಮುಂದಕ್ಕೆ ತಳ್ಳಿದರು. "ಕೈ ಖಾಲಿ ಬಿಡಬೇಡ. ಸುಲಿಯುತ್ತಾ ಕೇಳು. ಅಪ್ಪಣೆಯ ಮಾತು ಆಮೇಲೆ ನೋಡೋಣ" ಎಂದು ಕತೆ ಶುರುಮಾಡಿದರು. ಅವರು ಹೇಳಿದ ಕತೆ ಇದು.

ಒಬ್ಬ ಕುರಿಗಾಹಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಅಕ್ಕನ ಮಗನಿಗೆ ಕೊಟ್ಟು, ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡ. ಅಕ್ಕನ ಮನೆಯವರು ಕಂಬಳಿ ನೇಯುವವರು. ಹಾಗಾಗಿ ಅಳಿಯನಿಗೆ ಉಣ್ಣೆ ಗೊತ್ತು, ಮಗ್ಗ ಗೊತ್ತು. ಆ ಉಣ್ಣೆಯನ್ನು ಹೊತ್ತು ತಿರುಗುವ ಕುರಿಯ ಮುಖವನ್ನು ಮಾತ್ರ ಅವನು ಸರಿಯಾಗಿ ನೋಡಿರಲಿಲ್ಲ. ಒಳ್ಳೆಯ ಹುಡುಗ. ಮೈಗಳ್ಳನಲ್ಲ. ಅದೇ ಅವನ ತೊಂದರೆಯಾಯಿತು, ಹೇಗೆಂದು ಮುಂದೆ ಹೇಳುತ್ತೇನೆ.

ಆ ಕಡೆಯವರಲ್ಲಿ ಒಂದು ಕಟ್ಟಳೆ. ಕುರಿಯನ್ನು ಎಣಿಸಬಾರದು. ಎಣಿಸಿದರೆ ಲೆಕ್ಕ ತೋಳದ ಕಿವಿಗೂ ಬೀಳುತ್ತದೆ ಎಂದು ನಂಬಿಕೆ. ನಗಬೇಡ, ಆ ಕಟ್ಟಳೆಯಲ್ಲಿ ಹುರುಳಿತ್ತು. ಎಣಿಸುವವನಿಗೆ ಒಂದು ಕಡಿಮೆಯಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಯಾವುದು ಎಂದು ಗೊತ್ತಾಗುವುದಿಲ್ಲ. ಯಾವುದು ಎಂದೇ ಗೊತ್ತಿಲ್ಲದವನು ಎಲ್ಲಿ ಹುಡುಕಿಯಾನು? ಕುಂಟುವುದು ಹಿಂದೆ ಉಳಿದಿರುತ್ತದೆ. ಆಸೆಬುರುಕಿ ಯಾರದೋ ಹೊಲದಲ್ಲಿರುತ್ತದೆ. ಗಬ್ಬದ ಕುರಿ ಪೊದೆಯ ಮರೆಯಲ್ಲಿರುತ್ತದೆ. ಆದ್ದರಿಂದ ಅವರು ಒಂದೊಂದು ಕುರಿಯನ್ನೂ ಹೆಸರಿನಿಂದ ಬಲ್ಲರು. ಸಂಜೆ ಹಿಂಡು ಮುಳ್ಳುಬೇಲಿಯ ರೊಪ್ಪದೊಳಗೆ ಸೇರಿದ ಮೇಲೆ ಯಜಮಾನ ಬಾಗಿಲಿಗೆ ಬಂದು ಕೇಳುವುದು ಒಂದೇ ಮಾತು: ಯಾವುದು ಬಂದಿಲ್ಲ?

ಹೀಗಿರುವಾಗ ಮಾವನಿಗೆ ಮಂಡಿನೋವು ಹಿಡಿದುಕೊಂಡಿತು. ಹಿಂಡಿನ ಹಿಂದೆ ಗುಡ್ಡ ಹತ್ತಲಾರದಾದ. ಅವನು ಅಳಿಯನನ್ನು ಕರೆದು ಹೇಳಿದ.

"ಸುಗ್ಗಿ ಮುಗಿದ ಮೇಲೆ ಮೇವು ಹುಡುಕಿಕೊಂಡು ಹೊರನಾಡಿಗೆ ಹೊರಡಬೇಕು. ಅಷ್ಟು ಹೊತ್ತಿಗೆ ಇವೆಲ್ಲದರ ಹೆಸರೂ ನಿನ್ನ ನಾಲಿಗೆಯ ಮೇಲಿರಬೇಕು. ಇಲ್ಲದಿದ್ದರೆ ಹಿಂಡನ್ನು ನನ್ನ ತಮ್ಮನ ಮಗನಿಗೆ ಒಪ್ಪಿಸಿಬಿಡುತ್ತೇನೆ. ನೀನು ಮಗ್ಗಕ್ಕೆ ವಾಪಸು ಹೋಗು. ಬೇಜಾರು ಮಾಡಿಕೊಳ್ಳಬೇಡ, ಕುರಿ ಬಾಯಿಲ್ಲದ ಪ್ರಾಣಿ."

ಮನೆಯಳಿಯನಾಗಿ ಬಂದವನು ಕೈಲಾಗದೆ ವಾಪಸು ಹೋದ ಎಂದರೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಹೆಂಡತಿಯೋ ಕುರಿಮರಿಗಳ ಜೊತೆಗೇ ಬೆಳೆದವಳು. ಅವಳನ್ನು ಎಳೆದುಕೊಂಡು ಹೋಗಿ ಮಗ್ಗದ ಮುಂದೆ ಕೂರಿಸುವುದು ಅವನಿಗೇ ಸಹಿಸಲಾಗದ ಮಾತು. ಆಗಲಿ ಮಾವ ಎಂದ. ಮರುದಿನದಿಂದಲೇ ಶುರುಮಾಡಿದ.

ಏನು ಮಾಡಿದ? ನೋಡಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಬೆಳಗಿನಿಂದ ಸಂಜೆಯವರೆಗೆ ಹಿಂಡಿನ ಸುತ್ತ ಸುತ್ತಿ, ಒಂದೊಂದರ ಮುಖವನ್ನೂ ದಿಟ್ಟಿಸಿ, ಇದು ಹರಕುಕಿವಿ, ಇದು ಮೋಟುಬಾಲ, ಇದು ಗೊತ್ತು, ಇದೂ ಗೊತ್ತು ಎಂದುಕೊಳ್ಳುತ್ತಾ ಹೋದ. ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು. ಮುಖಗಳು ದಿನದಿನಕ್ಕೆ ಹಳೆಯ ನೆಂಟರಂತೆ ಕಾಣತೊಡಗಿದವು. ಅವನಿಗೆ ಧೈರ್ಯ ಬಂತು.

ಒಂದೆರಡು ಮಾತ್ರ ಒಂದರಂತೆ ಒಂದಿದ್ದು ಗುರುತು ತಪ್ಪುತ್ತಿದ್ದವು. ಅವಕ್ಕೆ ಕೆಮ್ಮಣ್ಣು ಕಲಸಿ ಬೆನ್ನಿಗೆ ಬಳಿದ. ಮಾರನೆಯ ದಿನ ಇನ್ನೊಂದೆರಡರ ಮೇಲೆ ಅನುಮಾನ ಬಂತು. ಅವಕ್ಕೂ ಬಳಿದ. ಮರೆತುಹೋದೀತು ಎನ್ನಿಸಿದ್ದಕ್ಕೆಲ್ಲ ಬಳಿದ. ಮರೆಯಲಾರೆ ಎನ್ನಿಸಿದ್ದಕ್ಕೂ, ಯಾಕೆ ಸುಮ್ಮನೆ, ಇರಲಿ ಎಂದು ಬಳಿದ. ಕೆಲವೇ ದಿನಗಳಲ್ಲಿ ಗುಡ್ಡದಿಂದ ಇಳಿದುಬಂದ ಹಿಂಡಿಗೆ ಹಿಂಡೇ ಕೆಂಪಗಿತ್ತು. ಮಾವ ಬಾಗಿಲಲ್ಲಿ ನಿಂತು ನೋಡಿ, "ಎಲ್ಲಿಗೆ ಹೋಗಿದ್ದವಪ್ಪ ಇವು, ಓಕುಳಿ ಆಡೋಕೆ?" ಎಂದ.

ಕತೆ ಇಲ್ಲಿಗೆ ಬಂದಾಗ ಗುರುಮಲ್ಲನ ಕೈ ನಿಂತಿತು. ಅವನು ಸ್ವಾಮಿಗಳ ಮಂಡಿಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಮತ್ತೆ ಸುಲಿಯತೊಡಗಿದ. ಸ್ವಾಮಿಗಳು ಗಮನಿಸದವರಂತೆ ಮುಂದುವರಿಸಿದರು.

ಆ ಸಂಜೆಯೇ ಮಾವ ಕೇಳಿದ. "ಯಾವುದು ಬಂದಿಲ್ಲ?"

ಅಳಿಯ ರೊಪ್ಪದೊಳಗೆ ಹೋದ. ಈ ಕಡೆಯಿಂದ ಆ ಕಡೆಯವರೆಗೆ ಒಂದೊಂದನ್ನೂ ನೋಡಿದ. ಎಲ್ಲವೂ ಪರಿಚಯದ ಮುಖಗಳೇ. "ಎಲ್ಲವೂ ಬಂದಿವೆ ಮಾವ" ಎಂದ.

ಮಾವ ಬೇಲಿಯ ಆಚೆಯಿಂದಲೇ ಕಣ್ಣು ಹಾಯಿಸಿದ. "ಮುರುಕುಕೊಂಬು ಬಂದಿಲ್ಲ. ಹಳ್ಳದ ಕಡೆ ನೋಡು, ಅದಕ್ಕೆ ಅಲ್ಲಿಯ ಜಾಲಿಕಾಯಿ ಅಂದರೆ ಪ್ರಾಣ" ಎಂದ.

ಅಳಿಯ ಓಡಿದ. ಮುರುಕುಕೊಂಬಿನ ಕುರಿ ಹಳ್ಳದ ಜಾಲಿಮುಳ್ಳಿಗೆ ಉಣ್ಣೆ ಸಿಕ್ಕಿಸಿಕೊಂಡು ಅರಚುತ್ತಾ ನಿಂತಿತ್ತು. ಬಿಡಿಸಿ ಹೆಗಲ ಮೇಲೆ ಹೊತ್ತು ತಂದ. ಕುರಿ ಉಳಿಯಿತು, ಅವನ ಮರ್ಯಾದೆ ಉಳಿಯಲಿಲ್ಲ. ನೋಡು ಗುರುಮಲ್ಲ, ಅವನು ಸುಳ್ಳು ಹೇಳಿರಲಿಲ್ಲ. ಕಣ್ಣೆದುರಿಗೆ ಇದ್ದದ್ದೆಲ್ಲ ಅವನಿಗೆ ಗೊತ್ತಿತ್ತು. ಕಣ್ಣೆದುರಿಗೆ ಇಲ್ಲದ್ದು ಇವನ ಕಣ್ಣಿಗೆ ಬಿದ್ದು, ನಾನು ಬಂದಿಲ್ಲ ಎಂದು ಹೇಳುವುದು ಹೇಗೆ?

ಬೆಳಗ್ಗೆ ಅಳಿಯ ತನ್ನ ಕಂಬಳಿ ಮಡಿಸತೊಡಗಿದ. ಹೆಂಡತಿ ನೋಡಿದಳು. ಅತ್ತು ಕರೆದು ಮಾಡುವ ಹೆಣ್ಣಲ್ಲ ಅವಳು. ಮಡಿಸಿದ ಕಂಬಳಿಯನ್ನು ಎತ್ತಿಕೊಂಡು ಹೋಗಿ ರೊಪ್ಪದ ಮುಂದೆ ಹಾಸಿದಳು.

"ಬಾವ, ಬಾ. ಕುರಿಗಳಿಗೆ ಬೆನ್ನು ಮಾಡಿ ಕೂತ್ಕೊ. ಒಳಗೆ ಯಾರ್ಯಾರಿದ್ದಾರೆ ಹೇಳು."

"ನೋಡದೆ ಹೇಗೆ ಹೇಳಲಿ?"

"ನೋಡಿಕೊಂಡು ಗುರುತು ಹಿಡಿಯೋಕೆ ನಮ್ಮ ನಾಯಿ ಇದೆ. ನೀನು ನೋಡದೆ ಹೇಳು."

ಅವನು ಕೂತ. ಹರಕುಕಿವಿ ಎಂದ. ಮೋಟುಬಾಲ ಎಂದ. ಮುರುಕುಕೊಂಬನ್ನು ಮರೆಯುವುದುಂಟೇ, ಅದನ್ನೂ ಹೇಳಿದ. ಇನ್ನು ಕೆಲವು ತಡವರಿಸಿ ಬಂದವು. ಆಮೇಲೆ ಬಾಯಿ ಕಟ್ಟಿತು. ಬೆನ್ನ ಹಿಂದೆ ಹಿಂಡು ಉಸಿರಾಡುವುದು ಕೇಳುತ್ತಿದೆ, ಹೆಸರು ಬರುತ್ತಿಲ್ಲ. ತಿರುಗಲು ಹೋದವನ ಭುಜವನ್ನು ಅವಳು ಒತ್ತಿ ಹಿಡಿದಳು. ಸ್ವಲ್ಪ ತಡಿ, ತಿಣುಕು ಎಂದಳು. ತಿಣುಕಿದಾಗ ಇನ್ನೊಂದು ಬಂತು. ನಿಜವಾಗಿ ಏನೂ ಬರುವುದಿಲ್ಲ ಎಂದಾದಾಗ ಕೈ ತೆಗೆದಳು. ಈಗ ತಿರುಗು, ಆದರೆ ಹೇಳಿ ಮುಗಿಸಿದ್ದನ್ನು ನೋಡುತ್ತಾ ಕೂರಬೇಡ, ಬಿಟ್ಟುಹೋದದ್ದನ್ನಷ್ಟೇ ನೋಡು ಎಂದಳು.

ಅವನು ತಿರುಗಿ ನೋಡಿ ಬೆಪ್ಪಾದ. ಬಿಟ್ಟುಹೋದದ್ದೇ ಬಹಳ. ಅದರಲ್ಲೂ ದಿನಾ ಅವನ ಕಾಲಿಗೆ ಮೈ ಉಜ್ಜುತ್ತಿದ್ದ ಒಂದು ಹೆಣ್ಣುಕುರಿಯೇ ಬಿಟ್ಟುಹೋಗಿತ್ತು. ನಿನ್ನೆಯವರೆಗೆ ಅದರ ಮುಖ ನೋಡಿ ಗೊತ್ತು ಎಂದು ದಾಟಿಹೋಗಿದ್ದವನು, ಆ ಹೊತ್ತು ಅದರ ಮುಂದೆ ಕೂತು ನಿಜವಾಗಿ ನೋಡಿದ. ಅದರ ಬೂದು ಮುಖದಲ್ಲಿ ಒಂದು ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಕರಿ ಗೆರೆ ಇತ್ತು.

ಅವಳು ಇನ್ನೊಂದನ್ನು ಹೇಳಿಕೊಟ್ಟಳು. ಬಿಡಿಬಿಡಿಯಾಗಿ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ, ಮನೆತನ ಹಿಡಿದುಕೊಂಡು ಹೋಗು. ಹರಕುಕಿವಿ ಅಜ್ಜಿ. ಅವಳಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳ ಮಕ್ಕಳಿಗೆಲ್ಲ ತಾಯಿಯ ಹಾಗೆ ಉದ್ದ ಮೂತಿ. ನಡುವಿನವಳ ಸಂತಾನ ಜಗಳಗಂಟಿಗಳು. ಕಿರಿಯವಳಿಗೆ ಈ ಸಲವೇ ಚೊಚ್ಚಲು. ಅಜ್ಜಿಯನ್ನು ಕರೆದರೆ ಮೊಮ್ಮಕ್ಕಳು ತಾವಾಗಿ ಹಿಂದೆ ಬರುತ್ತವೆ. ಅವನು ಹಾಗೆ ಮಾಡಿ ನೋಡಿದ. ಬಂದವು.

ಆಮೇಲೆ ಇದೇ ಪಾಠವಾಯಿತು. ಬೆಳಗ್ಗೆ ರೊಪ್ಪದ ಬಾಗಿಲ ತಡಿಕೆ ತೆಗೆಯುವ ಮೊದಲು ಬೆನ್ನು ಮಾಡಿ ಕೂರುವುದು, ಹೇಳುವುದು, ತಿರುಗಿ ತಪ್ಪನ್ನು ನೋಡಿಕೊಳ್ಳುವುದು. ಗುಡ್ಡದ ಮೇಲೆ ರೊಟ್ಟಿ ಬಿಚ್ಚುವಾಗ ಅವಳು ಇದ್ದಕ್ಕಿದ್ದಂತೆ ಕೇಳುತ್ತಿದ್ದಳು. ಸಲೀಸಾಗಿ ಬಂದದ್ದನ್ನು ನಾಲ್ಕು ದಿನ ಬಿಟ್ಟು ಕೇಳುವಳು. ಜಾರಿಹೋಗುವುದನ್ನು ಮತ್ತೆ ಮತ್ತೆ ಕೇಳುವಳು. ಒಂದೊಂದು ದಿನ ಏನನ್ನೂ ಕೇಳುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಮರೆಯಲು ಸ್ವಲ್ಪ ಹೊತ್ತು ಕೊಡಬೇಡವೇ, ಮರೆತದ್ದನ್ನು ಎಳೆದು ತಂದರಲ್ಲವೇ ಅದು ಗಟ್ಟಿಯಾಗುವುದು ಎನ್ನುವಳು.

ಅವನಿಗೆ ಇದು ಹಿಂಸೆ. ಒಂದು ದಿನ ಬೇಸತ್ತು ಹೇಳಿಯೇಬಿಟ್ಟ. "ನಾನೇ ನೋಡಿಕೊಂಡಿದ್ದಾಗ ಎಲ್ಲ ಗೊತ್ತಿತ್ತು. ನೀನು ಕೇಳೋಕೆ ಶುರುಮಾಡಿದ ಮೇಲೆ ಏನೂ ಗೊತ್ತಿಲ್ಲದ ಹಾಗಾಯಿತು."

ಅವಳು ನಕ್ಕುಬಿಟ್ಟಳು. "ಆಗಲೂ ಗೊತ್ತಿರಲಿಲ್ಲ ಬಾವ. ಕೇಳುವವರು ಇರಲಿಲ್ಲ, ಅಷ್ಟೆ."

ಸುಗ್ಗಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಮಾವ ಕೇಳಿದ್ದಕ್ಕೆ ಅಳಿಯ ತಡವರಿಸದೆ ಉತ್ತರ ಕೊಡುತ್ತಿದ್ದ. ಮಾವ ಹೊರಡಲು ಒಪ್ಪಿದ. ಪೂರ್ತಿ ನಂಬಿಕೆ ಬಂದಿರಲಿಲ್ಲ, ಆದ್ದರಿಂದ ಮಗಳು ಅಳಿಯನ ಜೊತೆಗೆ ತಾನೂ ಕತ್ತೆಯ ಮೇಲೆ ಕೂತು ಹೊರಟ. ಅಡ್ಡಿ ಮಾಡುವುದಿಲ್ಲ, ಸಹಾಯವನ್ನೂ ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದ. ಈ ಪ್ರಯಾಣದಲ್ಲಿ ಒಂದು ಕುರಿ ಕಳೆದರೂ ತಮ್ಮನ ಮಗನಿಗೆ ಹೇಳಿಕಳಿಸುವುದೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಅಳಿಯನಿಗೂ ಅದು ಗೊತ್ತಿತ್ತು.

ದಾರಿಯಲ್ಲಿ ಒಂದು ಬತ್ತಿದ ಕೆರೆಯ ಅಂಗಳ. ಅಲ್ಲಿ ಇನ್ನೊಬ್ಬ ಕುರಿಗಾಹಿ ಬೀಡುಬಿಟ್ಟಿದ್ದ. ಅವನದೂ ಕರಿಯ ಹಿಂಡು, ಇವನದೂ ಕರಿಯ ಹಿಂಡು. ಆ ರಾತ್ರಿ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು. ಗುಡುಗಿಗೆ ಬೆದರಿದ ಎರಡು ಹಿಂಡೂ ಒಂದೇ ಏರಿಯ ಮರೆಗೆ ನುಗ್ಗಿದವು. ಬೆಳಕು ಹರಿದಾಗ ನೋಡಿದರೆ ಅಕ್ಕಿ ಬೇಳೆ ಒಂದಾಗಿ ಹೋಗಿತ್ತು. ಅಲ್ಲಲ್ಲಿ ಉಳಿದಿದ್ದ ಕೆಮ್ಮಣ್ಣೂ ತೊಳೆದುಹೋಗಿ, ಎಲ್ಲ ಕುರಿಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಅಳಿಯ ಹಿಂಡಿನೊಳಗೆ ನುಗ್ಗಿದ. ಹಳೆಯ ಅಭ್ಯಾಸ ಎಲ್ಲಿ ಬಿಡುತ್ತದೆ, ಮುಖಗಳನ್ನು ನೋಡುತ್ತಾ ಹೋದ. ನೋಡಿದಷ್ಟೂ ಎಲ್ಲವೂ ತನ್ನವೇ ಅನ್ನಿಸಿದವು. ಪರರ ಟಗರು ಕೂಡ ಎಲ್ಲೋ ನೋಡಿದ ಮುಖದಂತೆ ಕಂಡಿತು. ಮಾವನ ಕಡೆ ನೋಡಿದ. ಮಾವ ಕತ್ತೆಯ ಕಿವಿ ಕೆರೆಯುತ್ತಿದ್ದ.

ಆಗ ಅಳಿಯ ಮಾಡಿದ್ದನ್ನು ಕಂಡು ಆ ಇನ್ನೊಬ್ಬ ಕುರಿಗಾಹಿ ಇವನಿಗೆ ಹುಚ್ಚು ಹಿಡಿಯಿತು ಎಂದುಕೊಂಡ. ಅಳಿಯ ಹಿಂಡಿಗೆ ಬೆನ್ನು ತಿರುಗಿಸಿ ಕೆಸರಿನಲ್ಲೇ ಕೂತ. ಹರಕುಕಿವಿ ಎಂದ. ಹೆಂಡತಿ ಹರಕುಕಿವಿಯನ್ನು ಎಳೆದು ಈಚೆ ತಂದಳು. ಹರಕುಕಿವಿಯ ಹಿರಿಯ ಮಗಳು ಎಂದ. ಉದ್ದ ಮೂತಿಯವು ಒಂದರ ಹಿಂದೆ ಒಂದು ಈಚೆ ಬಂದವು. ಜಗಳಗಂಟಿಗಳನ್ನು ಕರೆದ, ಅವು ಗುದ್ದಾಡಿಕೊಂಡೇ ಬಂದವು. ಕಾಡಿಗೆ ಕಣ್ಣಿನವಳನ್ನು ಕರೆದ. ಮನೆತನದ ಮೇಲೆ ಮನೆತನ ಈಚೆ ಸೇರಿತು. ಕೊನೆಗೆ ಅವನು ಸುಮ್ಮನಾದ.

"ಆಯಿತಲ್ಲ ತಮ್ಮ, ಹೊರಡು. ಬಿಸಿಲೇರುತ್ತೆ" ಎಂದ ಆ ಕುರಿಗಾಹಿ.

ಅಳಿಯ ಏಳಲಿಲ್ಲ. ಅವನ ತುಟಿ ಆಡುತ್ತಿತ್ತು. ಕಿರಿಯ ಮಗಳ ಹತ್ತಿರ ಬಂದು ಆ ತುಟಿ ನಿಂತಿತು. ಅಲ್ಲೊಂದು ಜಾಗ ಖಾಲಿಯಿತ್ತು.

"ಇಲ್ಲಣ್ಣ. ಹರಕುಕಿವಿಯ ಕಿರಿ ಮಗಳ ಚೊಚ್ಚಲ ಮರಿ ಬಂದಿಲ್ಲ. ಹಣೆಯಲ್ಲಿ ಬಿಳಿ ಚುಕ್ಕೆ" ಎಂದ.

ಆ ಕುರಿಗಾಹಿ ಮಳೆಗೆ ಹೆದರಿ ತನ್ನ ಮರಿಗಳ ಮೇಲೆ ಬಿದಿರಿನ ಕುಕ್ಕೆ ಮುಚ್ಚಿದ್ದ. ಹೋಗಿ ಎತ್ತಿದರು. ಪರರ ಮರಿಗಳ ನಡುವೆ ಚುಕ್ಕೆಯ ಮರಿ ಕಾಲು ಮಡಿಸಿಕೊಂಡು ಬೆಚ್ಚಗೆ ನಿದ್ದೆ ಹೊಡೆಯುತ್ತಿತ್ತು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಮುಚ್ಚಿಬಿಟ್ಟೆ, ತಪ್ಪು ತಿಳಿಯಬೇಡ ಎಂದು ಅವನು ಮರಿಯನ್ನು ಎತ್ತಿ ಕೊಟ್ಟ. ಅಳಿಯ ಅದನ್ನು ಎದೆಗೆ ಅವುಚಿಕೊಂಡ. ಹೋದ ಜೀವ ಬಂದಂತಾಗಿ ಮೊದಲು ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ. ಹೆಂಡತಿ ಸೆರಗಿನಿಂದ ಅವನ ಬಟ್ಟೆಯ ಕೆಸರು ಒರೆಸಿದಳು. ಮಾವ ಕತ್ತೆಯಿಂದ ಇಳಿದು, ಕುಂಟುತ್ತಾ ಬಂದು, ತನ್ನ ಕೋಲನ್ನು ಅಳಿಯನ ಕೈಗೆ ಕೊಟ್ಟ.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲನ ಮುಂದಿದ್ದ ಅವರೆಕಾಯಿ ಯಾವಾಗಲೋ ಮುಗಿದಿತ್ತು. ಬಹಳ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತೆ ಅವನು ಉದ್ದವಾಗಿ ಉಸಿರು ಬಿಟ್ಟ. ಅವನು ಸೋಮಾರಿಯಲ್ಲ, ದಡ್ಡನೂ ಅಲ್ಲ. ಇಷ್ಟು ದಿನ ರೊಪ್ಪದೊಳಗೆ ನಿಂತು ಮುಖ ನೋಡುತ್ತಿದ್ದ, ಅಷ್ಟೇ. ಇದು ತಿಳಿದದ್ದೇ ಅವನಿಗೆ ನಗು ಬಂತು. ಕಾಲೇಜು ಬಿಡುವ ಮಾತು ಬಾಯಿಗೆ ಬರಲೇ ಇಲ್ಲ.

"ಹೋಗಿ ಓದುತ್ತೇನೆ ಬುದ್ಧಿ. ಪುಸ್ತಕ ಕೊಡಿ" ಎಂದ.

ಸ್ವಾಮಿಗಳು ಮಂಡಿ ಅಲ್ಲಾಡಿಸಲಿಲ್ಲ. "ಕೊಡೋಣ. ನಿನ್ನ ಮಣಿಕಟ್ಟಿನೊಳಗೆ ಯಾರ್ಯಾರಿದ್ದಾರೆ, ಹೇಳು."

ಗುರುಮಲ್ಲ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಕಣ್ಣು ಮುಚ್ಚಿದ. ಮೇಲಿನ ಸಾಲು, ಹೆಬ್ಬೆರಳಿನ ಕಡೆಯಿಂದ: ಸ್ಕೇಫಾಯ್ಡ್, ಲ್ಯೂನೇಟ್. ನಿಂತ. ತಿಣುಕಿದ. ಟ್ರೈಕ್ವೆಟ್ರಮ್, ಅದರ ಮೇಲೆ ಕೂತ ಬಟಾಣಿಯಂಥ ಪಿಸಿಫಾರ್ಮ್. ಕೆಳಗಿನ ಸಾಲಿಗೆ ಇಳಿದು ಕಿರುಬೆರಳಿನ ಕಡೆಯಿಂದ ವಾಪಸು ಹೊರಟ. ಹಾಮೇಟ್. ಕ್ಯಾಪಿಟೇಟ್. ಟ್ರೆಪಿಝಾಯ್ಡ್. ಹೆಬ್ಬೆರಳಿನ ಬುಡಕ್ಕೆ ಬಂದು ಅವನ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಒತ್ತಿ ಹಿಡಿದ. ಕೊನೆಗೆ ನಾಚಿಕೆಯಿಂದ ಕಣ್ಣು ತೆರೆದ.

"ಇಲ್ಲೊಂದು ಇದೆ ಬುದ್ಧಿ. ಹೆಬ್ಬೆರಳನ್ನು ಹೊತ್ತುಕೊಂಡಿರುವುದು. ಅದು ಬರಲಿಲ್ಲ."

"ಪುಸ್ತಕ ನನ್ನ ಮಂಡಿಯ ಕೆಳಗಿದೆಯಲ್ಲ ಗುರುಮಲ್ಲ, ಅದು ಬರಲಿಲ್ಲ ಅಂತ ನೀನು ಎಲ್ಲಿ ನೋಡಿ ಹೇಳಿದೆ?"